ಬೀಳುವ ಕಡೆಗೇ ಓಡುವ ಚೆಂಡು

ಮಂಡ್ಯ ಸೀಮೆಯ ಊರಹಬ್ಬಗಳಲ್ಲಿ ಪೂಜಾ ಕುಣಿತ ನೋಡಿದವರಿಗೆ ನಾನು ಹೇಳಹೊರಟಿರುವುದರಲ್ಲಿ ಅರ್ಧ ಆಗಲೇ ಗೊತ್ತು. ಬಿದಿರಿನ ಚೌಕಟ್ಟು, ಅದಕ್ಕೆ ಸುತ್ತಿದ ಬಣ್ಣದ ಸೀರೆ, ನಡುವೆ ದೇವಿಯ ಮುಖ. ಆ ಭಾರವನ್ನು ತಲೆಯ ಮೇಲೆ ಹೊತ್ತು, ಕೈ ಬಿಟ್ಟು, ತಮಟೆಯ ಪೆಟ್ಟಿಗೆ ಕುಣಿಯುತ್ತಾರೆ. ಪೂಜೆ ಮುಂದಕ್ಕೆ ವಾಲಿದರೆ ಕುಣಿಯುವವನು ಅದನ್ನು ಹಿಂದಕ್ಕೆ ಎಳೆಯುವುದಿಲ್ಲ. ತಾನೇ ಮುಂದಕ್ಕೆ ಹೆಜ್ಜೆ ಹಾಕಿ ಅದರ ಬುಡಕ್ಕೆ ಹೋಗಿ ನಿಲ್ಲುತ್ತಾನೆ.

ಹೋದ ಬೇಸಿಗೆಯಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಕಟ್ಟಿದ ರೋಬೋಟ್‌ಗೆ ಕಲಿಸಬೇಕಾಗಿದ್ದದ್ದೂ ಇಷ್ಟೇ. ಅದರ ಕಾಲು ಒಂದು ಬ್ಯಾಸ್ಕೆಟ್‌ಬಾಲ್. ಚೆಂಡಿನ ಮೇಲೆ ಮೂರು ಚಕ್ರ, ಚಕ್ರಕ್ಕೊಂದು ಮೋಟಾರು, ಅದರ ಮೇಲೆ ಪ್ಲೈವುಡ್ಡಿನ ಮೂರು ಅಂತಸ್ತು. ಈ ಬಗೆಯ ರೋಬೋಟನ್ನು ಮೊದಲು ಮಾಡಿ ತೋರಿಸಿದವರು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಲ್ಫ್ ಹೋಲಿಸ್, 2006ರ ಹೊತ್ತಿಗೆ. ಅದು ಹೆಚ್ಚುಕಮ್ಮಿ ಮನುಷ್ಯನ ಎತ್ತರ, 45 ಕಿಲೋ ತೂಕ. 2008ರಲ್ಲಿ ಜಪಾನಿನ ಮಸಾಕಿ ಕುಮಗಾಯ್ ಚಿಕ್ಕದೊಂದನ್ನು ಮಾಡಿದರು. ಹವ್ಯಾಸಿಗಳು ಹೆಚ್ಚಾಗಿ ಹಿಡಿದಿರುವುದು ಅವರ ದಾರಿಯನ್ನೇ. ಅದರ ಗುಟ್ಟು ಚಕ್ರದಲ್ಲಿದೆ. ಚಕ್ರದ ಅಂಚಿನುದ್ದಕ್ಕೂ ಪುಟ್ಟ ಉರುಳೆಗಳಿರುತ್ತವೆ. ಮೋಟಾರು ತಿರುಗಿಸಿದ ಕಡೆಗೆ ಚಕ್ರ ಚೆಂಡನ್ನು ತಳ್ಳುತ್ತದೆ, ಅಡ್ಡಡ್ಡಲಾಗಿ ಮಾತ್ರ ತಡೆಯಿಲ್ಲದೆ ಜಾರಿಕೊಳ್ಳುತ್ತದೆ. ಅಂಥ ಮೂರನ್ನು 120 ಡಿಗ್ರಿ ಅಂತರದಲ್ಲಿ ಕೂರಿಸಿದರೆ ಚೆಂಡು ಯಾವ ದಿಕ್ಕಿಗೆ ಬೇಕಾದರೂ ಉರುಳುತ್ತದೆ. ಎತ್ತಿನಗಾಡಿಯನ್ನು ಪಕ್ಕಕ್ಕೆ ಸರಿಸಲು ಎಷ್ಟು ಒದ್ದಾಡಬೇಕು ನೆನಪಿಸಿಕೊಳ್ಳಿ. ಇದಕ್ಕೆ ಆ ತಾಪತ್ರಯವಿಲ್ಲ.

ನನ್ನ ಮೊದಲ ತಪ್ಪು ಹುಲ್ಲುಗಾಡಿಯ ಬುದ್ಧಿಯಿಂದ ಬಂದದ್ದು. ಭಾರ ಕೆಳಗಿದ್ದರೆ ಉರುಳುವುದಿಲ್ಲ ಎಂದುಕೊಂಡು ಬ್ಯಾಟರಿಯನ್ನು ತೀರ ಕೆಳಗೆ ಕಟ್ಟಿದೆ. ನಿಲ್ಲಿಸಿ ಕೈಬಿಟ್ಟರೆ ಸಾಕು, ಧೊಪ್ಪೆಂದು ಬೀಳುತ್ತಿತ್ತು. ಯಾಕೆಂದು ತಿಳಿಯಲು ಅಂಗೈ ಮೇಲೆ ಪೆನ್ಸಿಲ್ ನಿಲ್ಲಿಸಿ ನೋಡಿ, ಆಗುವುದಿಲ್ಲ. ಆಮೇಲೆ ಆಳುದ್ದ ಮೀರಿದ ಕಬ್ಬಿನ ಜಲ್ಲೆ ನಿಲ್ಲಿಸಿ, ಸ್ವಲ್ಪ ಹೊತ್ತಿಗೇ ಕೈ ಪಳಗುತ್ತದೆ. ಪೆನ್ಸಿಲ್‌ನ ವಾಲು ಸುಮಾರು 0.1 ಸೆಕೆಂಡಿನಲ್ಲೇ ಎರಡೂವರೆ ಪಟ್ಟು ಮೀರಿ ಬೆಳೆದುಬಿಡುತ್ತದೆ. ಎರಡು ಮೀಟರ್ ಜಲ್ಲೆಗೆ ಅದಕ್ಕೆ 0.37 ಸೆಕೆಂಡ್ ಬೇಕು. ಕಣ್ಣು ಕಂಡದ್ದಕ್ಕೆ ಕೈ ಆಡಲು ನಮಗೆ ಹಿಡಿಯುವುದು ಸುಮಾರು 0.2 ಸೆಕೆಂಡ್. ಜಲ್ಲೆ ನಮಗೆ ಪುರುಸೊತ್ತು ಕೊಡುತ್ತದೆ, ಪೆನ್ಸಿಲ್ ಕೊಡುವುದಿಲ್ಲ. ಬ್ಯಾಟರಿಯನ್ನು ಬಿಚ್ಚಿ ಮೇಲಂತಸ್ತಿಗೆ ಕಟ್ಟಿದ ದಿನವೇ ರೋಬೋಟ್ ಮೊದಲ ಸಲ ಮೂರು ಸೆಕೆಂಡ್ ನಿಂತಿತು.

ಇನ್ನು, ವಾಲಿದ್ದೇನೆ ಎಂಬುದು ಅದಕ್ಕೆ ಗೊತ್ತಾಗುವುದು ಹೇಗೆ? ತಲೆ ಮೇಲೆ ಪೂಜೆ ಹೊತ್ತವನಿಗೆ ಅದರ ತುದಿ ಕಾಣುವುದಿಲ್ಲ. ಕುತ್ತಿಗೆಯ ನರಗಳು ಹೇಳಬೇಕು, ಒಳಕಿವಿ ಹೇಳಬೇಕು. ಒಳಕಿವಿಯಲ್ಲಿ ಎರಡು ಏರ್ಪಾಡುಗಳಿವೆ. ದ್ರವ ತುಂಬಿದ ಮೂರು ಬಳೆಯಾಕಾರದ ನಾಳಗಳು ತಲೆ ತಿರುಗಿದ್ದನ್ನು ತಿಳಿಸುತ್ತವೆ. ಕ್ಯಾಲ್ಸಿಯಂ ಕಾರ್ಬೊನೇಟ್‌ನ ಸಣ್ಣ ಹರಳುಗಳು ಕೆಳಗು ಯಾವ ಕಡೆ ಎನ್ನುವುದನ್ನು. ನನ್ನ ರೋಬೋಟಿನ ಬೆರಳುಗುರಿನಷ್ಟು ಚಿಪ್ಪಿನಲ್ಲೂ ಅದೇ ಜೋಡಿ ಇದೆ: ತಿರುಗುವ ವೇಗ ಅಳೆಯುವ ಗೈರೋ, ಗುರುತ್ವದ ಎಳೆತ ಅಳೆಯುವ ಆಕ್ಸೆಲೆರೋಮೀಟರ್.

ಎರಡರಲ್ಲಿ ಯಾವುದನ್ನೂ ಪೂರ್ತಿ ನಂಬುವಂತಿಲ್ಲ. ಬಸ್ಸಿನಲ್ಲಿ ಡ್ರೈವರ್ ಮುಂದೆ ತೂಗುಬಿಟ್ಟ ನಿಂಬೆಹಣ್ಣು ಮೆಣಸಿನಕಾಯಿ ನೋಡಿ. ಬ್ರೇಕ್ ಹಾಕಿದರೆ ಮುಂದಕ್ಕೆ ವಾಲುತ್ತದೆ, ಬಸ್ಸೇ ಇಳಿಜಾರಿಗೆ ಬಂತೇನೋ ಎನ್ನುವ ಹಾಗೆ. ಆಕ್ಸೆಲೆರೋಮೀಟರ್ ಮೋಸಹೋಗುವುದು ಹೀಗೆ. ಅರೆಗಳಿಗೆಯ ಮಾತು ಸುಳ್ಳು, ಬಹಳ ಹೊತ್ತಿನ ಸರಾಸರಿ ನಿಜ. ಗೈರೋ ಇದಕ್ಕೆ ತಿರುಗಾಮುರುಗಾ. ಆ ಕ್ಷಣದ್ದನ್ನು ಚೆನ್ನಾಗಿ ಹೇಳುತ್ತದೆ, ಆದರೆ ಹಳೇ ಗೋಡೆ ಗಡಿಯಾರದಂತೆ ಚೂರುಚೂರೇ ತಪ್ಪುತ್ತಾ ಹೋಗುತ್ತದೆ. ಹಾಗಾಗಿ ಪ್ರತಿ ಸಲ ಗೈರೋ ಲೆಕ್ಕಕ್ಕೆ 98 ಪಾಲು, ಆಕ್ಸೆಲೆರೋಮೀಟರ್‌ಗೆ 2 ಪಾಲು ಬೆರೆಸಿ ಕೋನ ತೆಗೆಯುತ್ತೇನೆ. ಸೆಕೆಂಡಿಗೆ 200 ಸಲ. ಇದರ ನಡುವೆ ಬ್ಯಾಸ್ಕೆಟ್‌ಬಾಲಿನ ಗೀರುಗಳ ಮೇಲೆ ಚಕ್ರ ಹಾದಾಗಲೆಲ್ಲ ಮೈ ನಡುಗಿ ಅಳತೆ ಕೆಡುತ್ತಿತ್ತು. ಚಿಪ್ಪಿನ ಕೆಳಗೆ ಒಂದು ತುಂಡು ಸ್ಪಂಜು ಇಟ್ಟ ಮೇಲೆ ಅದು ಹತೋಟಿಗೆ ಬಂತು.

ನಿಂತಿತು, ಸರಿ. ಆದರೆ ನಿಂತಲ್ಲೇ ನಿಲ್ಲಲಿಲ್ಲ. ಪಡಸಾಲೆಯಿಂದ ಹೊರಟು ಅಡುಗೆಮನೆ ಹೊಸ್ತಿಲವರೆಗೂ ಓಡಿ ಬಿತ್ತು. "ಕುಡ್ದವ್ನಂಗೆ ತೂರಾಡ್ತದಲ್ಲೋ, ಎತ್ತಿಟ್ಕೊ ಇದ್ನ" ಎಂದಳು ಅವ್ವ. ಚಿಪ್ಪನ್ನು ನಾನು ಅರ್ಧ ಡಿಗ್ರಿ ಓರೆಯಾಗಿ ಅಂಟಿಸಿದ್ದೆ, ಅಷ್ಟೇ. ಅರ್ಧ ಡಿಗ್ರಿ ವಾಲಿರುವುದನ್ನೇ ನೆಟ್ಟಗೆ ಎಂದುಕೊಂಡ ರೋಬೋಟ್, ಬೀಳದಿರಲು ಒಂದೇ ಸಮನೆ ವೇಗ ಏರಿಸಿಕೊಳ್ಳುತ್ತಲೇ ಇರಬೇಕು. ಪ್ರತಿ ಸೆಕೆಂಡಿಗೂ ವೇಗ ಎಂಟೂವರೆ ಸೆಂಟಿಮೀಟರ್ ಏರುತ್ತದೆ. ಐದು ಸೆಕೆಂಡಿನಲ್ಲಿ ಒಂದು ಮೀಟರ್ ದಾಟಿರುತ್ತದೆ. ಆದ್ದರಿಂದ ನೆಟ್ಟಗಿರು ಎಂದರೆ ಸಾಲದು, ಹೊರಟ ಜಾಗಕ್ಕೆ ವಾಪಸು ಬಾ ಎಂದೂ ಹೇಳಬೇಕು. ಸ್ಟೆಪರ್ ಮೋಟಾರು ಸುತ್ತಿಗೆ 200 ಹೆಜ್ಜೆ ಇಡುತ್ತದೆ, ಆ ಹೆಜ್ಜೆಗಳನ್ನು ಎಣಿಸಿದರೆ ಚೆಂಡು ಎಷ್ಟು ದೂರ ಬಂದಿದೆ ಎಂಬುದು ಸಿಗುತ್ತದೆ.

ಈ ವಾಪಸು ಬರುವ ಪರಿ ನನಗೆ ಇವತ್ತಿಗೂ ಸೋಜಿಗ. ಹಿಂದಕ್ಕೆ ಬರಬೇಕಾದರೆ ಮೈ ಮೊದಲು ಹಿಂದಕ್ಕೆ ವಾಲಬೇಕು. ಮೈಯನ್ನು ಹಾಗೆ ವಾಲಿಸಲು ಬೇರೆ ಆಸರೆಯಿಲ್ಲ, ಚೆಂಡೇ ಚೂರು ಮುಂದಕ್ಕೆ ಓಡಬೇಕು. ಅಂದರೆ ತಪ್ಪಿದ ದೂರವನ್ನು ಇನ್ನಷ್ಟು ತಪ್ಪಿಸಿಕೊಂಡೇ ಅದು ಮರಳುವುದು. ಇದು ಗೊತ್ತಿಲ್ಲದೆ ಪ್ರೋಗ್ರಾಮಿನಲ್ಲಿ ಕೂಡು ಕಳೆ ಚಿಹ್ನೆಗಳನ್ನು ಅದಲು ಬದಲು ಮಾಡುತ್ತಾ ನಾಲ್ಕು ಭಾನುವಾರ ಹಾಳುಮಾಡಿಕೊಂಡೆ. ಕಡೆಗೆ ಅಂಗೈ ಮೇಲೆ ಕಸಬರಿಕೆ ನಿಲ್ಲಿಸಿಕೊಂಡು ಮುಂದಕ್ಕೆ ನಡೆಯಲು ಹೋದಾಗ, ಕೈ ತನ್ನಷ್ಟಕ್ಕೆ ಮೊದಲು ಹಿಂದಕ್ಕೆ ಸರಿದದ್ದು ಕಣ್ಣಿಗೆ ಬಿತ್ತು.

ಈಗ ಬೆರಳಲ್ಲಿ ತಳ್ಳಿದರೂ ಎರಡು ಗೇಣು ಹೋಗಿ ಮರಳಿ ಬರುತ್ತದೆ. ಉಳಿದಿರುವುದು ಒಂದೇ ಕೊರತೆ: ನಿಂತಲ್ಲೇ ನಿಧಾನವಾಗಿ ಬುಗುರಿಯಂತೆ ತಿರುಗುತ್ತದೆ. ನೆಟ್ಟಗೆ ನಿಂತು ಸುತ್ತಿದರೆ ಗುರುತ್ವದ ದಿಕ್ಕು ಬದಲಾಗದ ಕಾರಣ, ಅಲ್ಲಿ ಗೈರೋ ತಪ್ಪನ್ನು ತಿದ್ದಲು ಆಕ್ಸೆಲೆರೋಮೀಟರ್‌ಗೆ ಏನೂ ಸಿಗುವುದಿಲ್ಲ. ದಿಕ್ಸೂಚಿ ಚಿಪ್ಪು ಹಾಕೋಣವೆಂದರೆ ಪಕ್ಕದಲ್ಲೇ ಮೋಟಾರಿನ ಅಯಸ್ಕಾಂತಗಳು. ಬೀದಿ ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿದರೆ ಇಪ್ಪತ್ತು ನಿಮಿಷಕ್ಕೆ ದೇವರ ಕೋಣೆಗೆ ಮುಖ ಮಾಡಿರುತ್ತದೆ. ಅದೊಂದನ್ನು ಮಾತ್ರ ರಿಪೇರಿ ಮಾಡಕೂಡದು ಅಂತ ಅವ್ವನ ಅಪ್ಪಣೆಯಾಗಿದೆ.