ಮಂಗನ ಕಾಯಿಲೆಯ ತಿಂಗಳುಗಳು

ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ತಾಲ್ಲೂಕುಗಳಲ್ಲಿ ಮಳೆಗಾಲ ಕಳೆದು, ತೋಟಕ್ಕೂ ಕೊಟ್ಟಿಗೆಗೂ ದರಗು (ಒಣಗಿದ ತರಗೆಲೆ) ತರಲು ಜನ ಕಾಡಿನ ಕಡೆಗೆ ಹೊರಡುವ ತಿಂಗಳುಗಳಲ್ಲೇ ಮಂಗನ ಕಾಯಿಲೆಯ ಭಯವೂ ಶುರುವಾಗುತ್ತದೆ. ಅದಕ್ಕೆ ಕಾರಣ, ಈ ಕಾಯಿಲೆಯನ್ನು ಹರಡುವ ಉಣುಗಿನ (ಉಣ್ಣೆಯ) ವಯಸ್ಸಿನಲ್ಲಿದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಸುತ್ತಲಿನ ಹಳ್ಳಿಗಳ ಜನ ತೀವ್ರ ಜ್ವರದಿಂದ ಮಲಗಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಮೊದಲು ಶಂಕಿಸಿದ್ದು ಹಳದಿ ಜ್ವರವನ್ನು. ಪ್ರಯೋಗಾಲಯದಲ್ಲಿ ಸಿಕ್ಕಿದ್ದು, ಸೈಬೀರಿಯಾದ ಓಮ್ಸ್ಕ್ ರಕ್ತಸ್ರಾವ ಜ್ವರದ ವೈರಸ್ಸಿಗೆ ಹತ್ತಿರದ, ಆದರೆ ಹೊಸದೇ ಆದ ಒಂದು ಫ್ಲೇವಿವೈರಸ್ (ಹಳದಿ ಜ್ವರ, ಡೆಂಗಿ ವೈರಸ್‌ಗಳ ಗುಂಪಿನದು). ಅದನ್ನು ಹರಡುವುದು ಸೊಳ್ಳೆಯಲ್ಲ, ಉಣುಗು. ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಪ್ರಭೇದ.

ಈ ಉಣುಗು ಮರಿಯಾಗಿ, ಎಳೆಯದಾಗಿ, ಬಲಿತ ಮೇಲೆ, ಹೀಗೆ ಬದುಕಿನ ಮೂರು ಹಂತಗಳಲ್ಲಿ ರಕ್ತ ಹೀರುತ್ತದೆ. ಮಳೆಗಾಲದಲ್ಲಿ ಬಲಿತ ಉಣುಗುಗಳು ಮೇಯುವ ದನ, ಎಮ್ಮೆಗಳನ್ನು ಹತ್ತುತ್ತವೆ. ಹೊಟ್ಟೆ ತುಂಬಿದ ಹೆಣ್ಣು ನೆಲಕ್ಕೆ ಉದುರಿ ತರಗೆಲೆಗಳ ನಡುವೆ ಮೊಟ್ಟೆ ಇಡುತ್ತದೆ. ಮಳೆ ಹಿಂದೆಗೆದ ಮೇಲೆ ಹೊರಬರುವ ಮರಿಗಳು ಇಲಿ, ಸುಂಡಿಲಿ, ಹಕ್ಕಿ, ಮಂಗಗಳ ರಕ್ತ ಕುಡಿಯುತ್ತವೆ. ಸೋಂಕಿನ ರಕ್ತ ಕುಡಿದ ಮರಿ ಪೊರೆ ಕಳಚಿ ಮುಂದಿನ ಹಂತಕ್ಕೆ ಹೋದರೂ ವೈರಸ್ ಅದರ ದೇಹದಲ್ಲೇ ಉಳಿಯುತ್ತದೆ. ಸುಮಾರು ಡಿಸೆಂಬರಿನಿಂದ ಮೇವರೆಗೆ ಕಾಡಿನ ನೆಲದಲ್ಲಿ ಹೇರಳವಾಗಿರುವುದು ಈ ಎಳೆಯ ಉಣುಗುಗಳೇ, ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದೂ ಇವೇ. ಎಳ್ಳುಕಾಳಿನಷ್ಟೇ ಇರುವುದರಿಂದ ಕಚ್ಚಿದ್ದು ಎಷ್ಟೋ ಸಲ ತಿಳಿಯುವುದೂ ಇಲ್ಲ.

ಕಾಯಿಲೆಗೆ ಮಂಗನ ಹೆಸರು ಅಂಟಿಕೊಂಡಿದ್ದರೂ, ಮುಸುವ ಮತ್ತು ಮಂಗ ನಮ್ಮಂತೆಯೇ ಇದಕ್ಕೆ ಬಲಿಯಾಗುವ ಜೀವಿಗಳು. ಆದರೂ ಸತ್ತ ಮಂಗದ ಹತ್ತಿರ ಹೋಗಬಾರದು ಎನ್ನುವುದಕ್ಕೆ ಗಟ್ಟಿಯಾದ ಕಾರಣವಿದೆ: ದೇಹ ತಣ್ಣಗಾಗುತ್ತಿದ್ದಂತೆ ಅದರ ಮೇಲಿದ್ದ ಉಣುಗುಗಳು ಕೆಳಗಿಳಿದು ಸುತ್ತಲಿನ ನೆಲದಲ್ಲಿ ಹರಡುತ್ತವೆ. ದನಗಳ ಪಾತ್ರ ಬೇರೆಯದು. ಅವು ವೈರಸ್ಸನ್ನು ಹಬ್ಬಿಸುವುದಿಲ್ಲವಾದರೂ ಉಣುಗಿನ ಸಂತತಿಯನ್ನು ಸಾಕುತ್ತವೆ. ತೋಟ, ಗದ್ದೆ, ಕಾಡು, ಮೇವಿನ ಜಾಗಗಳು ಒಂದರೊಳಗೊಂದು ಬೆರೆತ ಕಡೆ ಅಪಾಯ ಹೆಚ್ಚೆಂದು ಇತ್ತೀಚಿನ ಸಂಶೋಧನೆಗಳು ತೋರಿಸಿವೆ. ಮಲೆನಾಡಿನ ಬಹುಪಾಲು ಊರುಗಳಿರುವುದು ಅಂಥ ಜಾಗದಲ್ಲೇ. ಹೀಗಿರುವಾಗ ಕಾಡಿಗೆ ಹೋಗಬೇಡಿ ಎಂಬ ಸಲಹೆಯಷ್ಟೇ ಸಾಲದು. ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ದರಗು ಗುಡಿಸುವ ಹೆಂಗಸರಿಗೆ ಉಣುಗಿನ ಕಾಲಕ್ಕೆ ಮೊದಲೇ ಸಿಗಬೇಕು.

ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ವಿಪರೀತ ಮೈಕೈ ನೋವು ಬರುತ್ತವೆ. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ ಒಸರುತ್ತದೆ. ಸೋಂಕಿತರಲ್ಲಿ ಶೇ 3ರಿಂದ 5ರಷ್ಟು ಮಂದಿ ಸಾಯುತ್ತಾರೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ, ಆದ್ದರಿಂದ ರೋಗಿಯನ್ನು ದೂರವಿಡುವುದು ಅನ್ಯಾಯ.

ಇದಕ್ಕೆಂದೇ ಮೀಸಲಾದ ಔಷಧವಿಲ್ಲ. ಕರ್ನಾಟಕದಲ್ಲಿ 1990ರಿಂದ ಬಳಸಿದ, ನಿಷ್ಕ್ರಿಯಗೊಳಿಸಿದ ವೈರಸ್ಸಿನ ಲಸಿಕೆಯು 2005ರಿಂದ 2010ರವರೆಗಿನ ಮಾಹಿತಿಯ ವಿಶ್ಲೇಷಣೆಯಲ್ಲಿ ಎರಡು ಡೋಸಿಗೆ ಸುಮಾರು ಶೇ 62, ಬೂಸ್ಟರ್ ಸೇರಿದರೆ ಶೇ 83ರಷ್ಟು ರಕ್ಷಣೆ ಕೊಟ್ಟಿತ್ತು. ನಂತರ ಅದರ ಪರಿಣಾಮ ಸಾಲದೆಂದು ಕಂಡುಬಂದು, 2022ರಲ್ಲಿ ಬಳಕೆ ನಿಂತಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊಸ ಲಸಿಕೆಯ ಕೆಲಸದಲ್ಲಿ ತೊಡಗಿದೆ. ಅದು ಕೈಗೆ ಬರುವವರೆಗೆ, ಜ್ವರದ ಮೊದಲ ದಿನಗಳಲ್ಲೇ ರಕ್ತದ ಆರ್‌ಟಿ-ಪಿಸಿಆರ್ ಪರೀಕ್ಷೆ ಆಗಬೇಕು, ಕಾಡಿಗೆ ಹೋಗಿದ್ದನ್ನು ರೋಗಿ ವೈದ್ಯರಿಗೆ ತಾನಾಗಿಯೇ ಹೇಳಬೇಕು.