ಟೋಕಿಯೊ ಬಿಟ್ಟು ಹೊರಟ ‘ಅಕಿರಾ’ ಎಲ್ಲಿಗೂ ತಲುಪಲಿಲ್ಲ

2025ರ ಜೂನ್‌ನಲ್ಲಿ ಜಪಾನಿನ ಮಂಗಾ (ಕಾಮಿಕ್ಸ್) ‘ಅಕಿರಾ’ದ ಸಿನಿಮಾ ಹಕ್ಕು ಹಾಲಿವುಡ್‌ನ ವಾರ್ನರ್ ಬ್ರದರ್ಸ್ ಕೈಬಿಟ್ಟು ಜಪಾನಿನ ಪ್ರಕಾಶಕರಾದ ಕೊಡಾನ್ಷಾಗೆ ಮರಳಿತು. 2002ರಲ್ಲಿ ಕೊಂಡಿದ್ದ ಹಕ್ಕು ಅದು. ಈ 23 ವರ್ಷಗಳಲ್ಲಿ ನಿರ್ದೇಶಕರು ಬಂದರು, ಹೋದರು. ಸಿನಿಮಾ ಮಾತ್ರ ಬರಲಿಲ್ಲ.

ಕಟ್ಸುಹಿರೊ ಒಟೊಮೊ ಈ ಮಂಗಾ ಶುರು ಮಾಡಿದ್ದು 1982ರಲ್ಲಿ. 1990ಕ್ಕೆ ಮುಗಿಯುವಾಗ 2,000ಕ್ಕೂ ಜಾಸ್ತಿ ಪುಟ ಆಗಿತ್ತು. ನಡುವೆ 1988ರಲ್ಲಿ ಅವರೇ ಇದನ್ನು ಅನಿಮೇಶನ್ ಸಿನಿಮಾ ಮಾಡಿದರು. ಜಪಾನಿನ ಹೊರಗೆ ಹೆಚ್ಚಿನವರಿಗೆ ‘ಅಕಿರಾ’ ಪರಿಚಯವಾಗಿದ್ದು ಅದರಿಂದಲೇ.

ಗೋಜಲು ಜಾಸ್ತಿಯಾಗಿದ್ದು 2008ರಿಂದ 2012ರ ನಡುವೆ. ನಟರನ್ನಿಟ್ಟು ತೆಗೆಯಬೇಕಿದ್ದ ಈ ಸಿನಿಮಾದ ಕಥೆಯನ್ನು ಟೋಕಿಯೊದಿಂದ ನ್ಯೂ ಮ್ಯಾನ್‌ಹಟನ್‌ಗೆ, ಅಂದರೆ ಕಲ್ಪನೆಯ ನ್ಯೂಯಾರ್ಕ್‌ಗೆ, ಸಾಗಿಸಿದರು. ಬೈಕ್ ಹುಡುಗರಾದ ಕನೆಡಾ, ಟೆಟ್ಸುವೊ ಪಾತ್ರಗಳಿಗೆ ಬಿಳಿಯ ನಟರ ಹೆಸರುಗಳು ಓಡಾಡಿದವು. 2011ರಲ್ಲಿ ಜಪಾನಿ ಮೂಲದ ಅಮೆರಿಕನ್ ನಟ ಜಾರ್ಜ್ ಟಕೆಯ್ ಇದಕ್ಕೆ ಬಹಿರಂಗವಾಗಿಯೇ ಆಕ್ಷೇಪಿಸಿದರು.

ಊರು ಬದಲಾದರೆ ಏನಾಯ್ತು ಅಂತ ಕೇಳಬಹುದು. ‘ಅಕಿರಾ’ದ ಮೊದಲ ಪುಟಗಳಲ್ಲೇ ಒಂದು ಸ್ಫೋಟ ಟೋಕಿಯೊವನ್ನು ನುಂಗುತ್ತದೆ. ಹಿರೋಶಿಮಾ, ನಾಗಸಾಕಿ ಕಂಡ ದೇಶದವರು ಬರೆದ ಚಿತ್ರ ಅದು. ಆಮೇಲೆ ಕಥೆ 2019ಕ್ಕೆ ಬರುತ್ತದೆ. ಹೊಸದಾಗಿ ಎದ್ದ ನಿಯೋ-ಟೋಕಿಯೊ ಮರುವರ್ಷದ ಒಲಿಂಪಿಕ್ಸ್‌ಗೆ ತಯಾರಾಗುತ್ತಿರುತ್ತದೆ. ಯುದ್ಧದಲ್ಲಿ ಸುಟ್ಟುಹೋಗಿ 1964ರ ಒಲಿಂಪಿಕ್ಸ್‌ಗೆ ಮತ್ತೆ ಎದ್ದು ನಿಂತ ನಿಜವಾದ ಟೋಕಿಯೊದ ನೆನಪು ಅಲ್ಲಿದೆ. ಬೀದಿಗಿಳಿದ ಜನರನ್ನು ನೋಡಿದರೆ ಅರವತ್ತರ ದಶಕದ ವಿದ್ಯಾರ್ಥಿ ಚಳವಳಿ ಕಣ್ಮುಂದೆ ಬರುತ್ತದೆ. ಇಷ್ಟನ್ನೂ ಬಿಟ್ಟು ನ್ಯೂಯಾರ್ಕ್‌ಗೆ ಹೋದರೆ ಕೈಯಲ್ಲಿ ಉಳಿಯುವುದು ಒಂದು ಕೆಂಪು ಬೈಕು, ಅಲ್ವಾ?

2012ರ ಜನವರಿಯಲ್ಲಿ ವ್ಯಾಂಕೂವರ್‌ನಲ್ಲಿ ನಡೆದಿದ್ದ ತಯಾರಿ ನಿಂತಿತು. ಖರ್ಚು ಹೊಂದುತ್ತಿರಲಿಲ್ಲ, ಚಿತ್ರಕಥೆಯೂ ಕೂಡಿ ಬರುತ್ತಿರಲಿಲ್ಲ. ಅಷ್ಟೂ ಪುಟಗಳನ್ನು ಎರಡು ಗಂಟೆಗೆ ಇಳಿಸುವುದು ಸುಮ್ನೆ ಆಗುವ ಕೆಲಸವೂ ಅಲ್ಲ.

2017ರಲ್ಲಿ ನಿರ್ದೇಶಕರಾಗಿ ಟೈಕಾ ವೈಟಿಟಿ ಹೆಸರು ಬಂತು. ಏಷ್ಯಾದ ಹುಡುಗರನ್ನೇ ಹಾಕಿಕೊಳ್ಳುವ ಮಾತಾಡಿದರು. ನನಗಂತೂ ಆಸೆ ಚಿಗುರಿತು. 2021ರ ಮೇ 21ಕ್ಕೆ ಬಿಡುಗಡೆ ಅಂತಲೂ ಗೊತ್ತಾಯಿತು. ಆದರೆ 2019ರ ಜುಲೈನಲ್ಲಿ ಕೆಲಸ ಮತ್ತೆ ನಿಂತಿತು. ವೈಟಿಟಿ ‘ಥಾರ್’ ಸೂಪರ್‌ಹೀರೋ ಸಿನಿಮಾ ಸರಣಿಗೆ ಮರಳಿದರು.

ಆ ಮೇ ಹಾಗೇ ಕಳೆಯಿತು. ಎರಡು ತಿಂಗಳ ನಂತರ ನಿಜವಾದ ಟೋಕಿಯೊ, ಕೊರೊನಾದಿಂದ ಒಂದು ವರ್ಷ ಮುಂದೆ ಹೋಗಿದ್ದ 2020ರ ಒಲಿಂಪಿಕ್ಸ್ ನಡೆಸಿತು.

ಇನ್ನು ಯಾರೇ ಈ ಸಿನಿಮಾ ಮಾಡಬೇಕೆಂದರೂ ಕೊಡಾನ್ಷಾ ಬಾಗಿಲು ತಟ್ಟಬೇಕು. ಕಥೆ ಟೋಕಿಯೊದಲ್ಲೇ ನಡೆಯಬೇಕು ಅನ್ನುವ ಷರತ್ತನ್ನು ಅವರು ಮೊದಲೇ ಹಾಕಲಿ ಅನ್ನುವುದು ನನ್ನಾಸೆ.