ರಜೆ ಮುಗಿದ ಮೇಲೆ ಪುನರಾವರ್ತನೆಯೇ, ಹೊಸ ಪಾಠವೇ?

ಪ್ರಶ್ನೆ: ನಾನು 7ನೆಯ ತರಗತಿಗೆ ಗಣಿತ ಕಲಿಸುತ್ತೇನೆ. ವರ್ಷದ ನಡುವಿನ ರಜೆ ಮುಗಿಸಿ ಬಂದ ಮಕ್ಕಳಿಗೆ ಭಿನ್ನರಾಶಿಯೂ ನೆನಪಿರುವುದಿಲ್ಲ, ಸದ್ದಿಲ್ಲದೆ ಕೂರುವುದೂ ನೆನಪಿರುವುದಿಲ್ಲ. ಮೊದಲ ವಾರವನ್ನು ಪುನರಾವರ್ತನೆಗೆ ಕೊಡಲೇ, ಹೊಸ ಪಾಠ ಹಿಡಿಯಲೇ?

ಉತ್ತರ: ಹೊಸ ಪಾಠವನ್ನೇ ಹಿಡಿಯಿರಿ, ಆದರೆ ಎರಡನೆಯ ದಿನದಿಂದ. ಮೊದಲ ದಿನ ಮಕ್ಕಳ ತಲೆಯಲ್ಲಿ ಏನು ಉಳಿದಿದೆ ಎಂದು ನೋಡಿಕೊಳ್ಳುವುದಕ್ಕೆ ಸಾಕು. ವಾರವಿಡೀ ಹಳೆಯದನ್ನೇ ಹೇಳುತ್ತ ಹೋದರೆ ತರಗತಿಯಲ್ಲಿ ದುಡಿಯುವವರು ನೀವೊಬ್ಬರೇ ಆಗುತ್ತೀರಿ.

ಮಕ್ಕಳು ಎಲ್ಲವನ್ನೂ ಮರೆತಿದ್ದಾರೆ ಎನ್ನುವುದು ಅರ್ಧ ನಿಜ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರುಹೊಡೆದು, ತನ್ನ ಮರೆವನ್ನು ತಾನೇ ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಮೊದಮೊದಲು ವೇಗವಾಗಿ ಆಗುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂಬ ಅವನ ಮಾತು ಎಲ್ಲರಿಗೂ ಗೊತ್ತು. ನಮಗೆ ಬೇಕಾದದ್ದು ಇನ್ನೊಂದು: ಮರೆತೇಹೋಯಿತು ಎನಿಸಿದ್ದನ್ನು ಮತ್ತೆ ಕಲಿಯಲು ಮೊದಲ ಸಲದಷ್ಟು ಹೊತ್ತು ಹಿಡಿಯುವುದಿಲ್ಲ. ಒಂದು ವಾರ ಬೇಕು ಎಂದುಕೊಂಡದ್ದು ಒಂದೆರಡು ಪಿರಿಯಡ್‌ಗಳಲ್ಲಿ ಮುಗಿಯಬಹುದು.

ಮೊದಲ ದಿನ ಪುಸ್ತಕ ಮುಚ್ಚಿಸಿ, ಹಲಗೆಯ ಮೇಲೆ ಐದು ಲೆಕ್ಕ ಬರೆಯಿರಿ. ಅಂಕ ಇಲ್ಲ ಎಂದು ಮೊದಲೇ ಹೇಳಿಬಿಡಿ. 1/2ಕ್ಕೆ 1/3 ಕೂಡಿಸಿ ಎಂದಾಗ ಒಬ್ಬ ಹುಡುಗ 2/5 ಎಂದು ಬರೆದಿರುತ್ತಾನೆ. ಅವನು ಮರೆತಿಲ್ಲ, ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಎಂಬ ತಪ್ಪು ದಾರಿಯನ್ನು ಗಟ್ಟಿಯಾಗಿ ನೆನಪಿಟ್ಟುಕೊಂಡಿದ್ದಾನೆ. ಛೇದ ಸಮ ಮಾಡುವ ವಿಧಾನವನ್ನು ಇನ್ನೊಮ್ಮೆ ಹೇಳಿದರೆ ತಲೆಯಾಡಿಸಿ, ನಾಳೆ ಮತ್ತೆ 2/5 ಎಂದೇ ಬರೆಯುತ್ತಾನೆ. ಅದರ ಬದಲು, 2/5 ಎನ್ನುವುದು ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಕೇಳಿ. ಕಡಿಮೆ ಎಂದು ಹೇಳಿದ ಮೇಲೆ, ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆಯಾದದ್ದು ಹೇಗೆ ಎಂದು ಕೇಳಿ, ಸುಮ್ಮನಿರಿ. ಹತ್ತು ಮಕ್ಕಳು ಇದೇ ತಪ್ಪು ಮಾಡಿದ್ದರೆ ಅದನ್ನು ಇಡೀ ತರಗತಿಗೆ ಕಲಿಸಿ. ಇಬ್ಬರು ಮಗ್ಗಿಯಲ್ಲಿ ಎಡವಿದ್ದರೆ ಉಳಿದವರನ್ನು ಅದಕ್ಕಾಗಿ ಕೂರಿಸಬೇಡಿ.

ಪುಸ್ತಕ ಮುಚ್ಚಿಸುವುದಕ್ಕೂ ಕಾರಣವಿದೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಗುಂಪು ಪಾಠಭಾಗವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಗುಂಪು ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು; ಒಂದು ವಾರದ ನಂತರ ನೆನಪಿನಿಂದ ಬರೆದವರು ಮುಂದಾದರು. ಪುನರಾವರ್ತನೆಯ ಪಿರಿಯಡ್ ಮುಗಿದಾಗ ನಮಗೆಲ್ಲ ಆಗುವ ಸಮಾಧಾನ ಆ ಐದು ನಿಮಿಷದ್ದು.

ಇನ್ನು ಶಿಸ್ತು. ಇಪ್ಪತ್ತು ನಿಯಮಗಳನ್ನು ಓದಿ ಹೇಳಬೇಡಿ, ಯಾರೂ ಕೇಳುವುದಿಲ್ಲ. ರಜೆಗೆ ಮುಂಚಿನ ತಿಂಗಳುಗಳಲ್ಲಿ ಹೆಚ್ಚು ಹೊತ್ತು ತಿಂದ ಕೆಲಸ ಯಾವುದು ಎಂದು ನೋಡಿ. ನೋಟ್‌ಬುಕ್ ಹಂಚಲು ದಿನಕ್ಕೆ ಮೂರು ನಿಮಿಷ ಹೋದರೆ ಇಪ್ಪತ್ತು ದಿನಕ್ಕೆ ಒಂದು ಗಂಟೆ ಹೋಯಿತು. ಆ ಒಂದು ಕೆಲಸವನ್ನು ಹೇಗೆ ಮಾಡಬೇಕೆಂದು ತೋರಿಸಿ, ಅಲ್ಲೇ ಎರಡು ಸಲ ಮಾಡಿಸಿ.

ನೀವು ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ರಜೆಯಲ್ಲಿ ಅಭ್ಯಾಸ ತಪ್ಪುವುದು ಮಕ್ಕಳಿಗೆ ಮಾತ್ರವಲ್ಲ, ನಮಗೂ ತಪ್ಪುತ್ತದೆ. ಕೆಟ್ಟ ಅಭ್ಯಾಸವೊಂದನ್ನು ಬಿಡಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಒಮ್ಮೆ ನನ್ನದೇ ತರಗತಿಯನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳಿದೆ. ಪ್ರಶ್ನೆ ಕೇಳುವವನೂ ನಾನೇ, ಉಸಿರು ಬಿಡುವಷ್ಟರಲ್ಲಿ ಉತ್ತರ ಹೇಳುವವನೂ ನಾನೇ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಇದನ್ನು ಅಳೆದಿದ್ದರು: ಶಿಕ್ಷಕರು ಪ್ರಶ್ನೆ ಕೇಳಿ ಕಾಯುವುದು ಸುಮಾರು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡ್ ಅಥವಾ ಹೆಚ್ಚು ಮಾಡಿದಾಗ ಉತ್ತರಗಳು ಉದ್ದವಾದವು, ಉತ್ತರವೇ ಇಲ್ಲದ ಸಂದರ್ಭಗಳು ಕಡಿಮೆಯಾದವು.

ಮೂರು ಸೆಕೆಂಡ್ ಕಾಯುವುದು ಹೇಳಿದಷ್ಟು ಸುಲಭವಲ್ಲ. ನಾಲಿಗೆ ತುರಿಸುತ್ತದೆ, ಕೈ ಸೀಮೆಸುಣ್ಣ ಹುಡುಕುತ್ತದೆ. ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸಿ. ನಾನು ಮೊದಲ ದಿನ ತುಟಿ ಅಲ್ಲಾಡಿಸಿ ಎಣಿಸಿದೆ. ಮುಂದಿನ ಬೆಂಚಿನವರು ನಾಲ್ಕು, ಐದು ಎಂದು ಜೊತೆಗೂಡಿದರು.